ಬಲಗಾಲಿಗೆ ಎಣ್ಣೆ, ಎಡಗಾಲಿಗೆ ಐಸು: ಎರಡು ಉಳುಕು, ಎರಡು ದಾರಿ

ನನ್ನ ಎರಡೂ ಕಾಲು ಉಳುಕಿವೆ. ಬಲಗಾಲು ಮೂರು ವರ್ಷದ ಹಿಂದೆ, ಎಡಗಾಲು ಹೋದ ಬೇಸಿಗೆಯಲ್ಲಿ. ಎರಡು ಸಲವೂ ಪಾದ ಒಳಮುಖವಾಗಿ ಹೊರಳಿ, ಹರಡಿನ ಹೊರಬದಿಗೆ ಬಾವು ಬಂದಿತ್ತು. ಬಲಗಾಲಿಗೆ ಮನೆಯ ಹಿರಿಯರು ಹೇಳಿದಂತೆ ಮಾಡಿದೆ. ಎಡಗಾಲಿಗೆ ಫಿಸಿಯೋಥೆರಪಿಸ್ಟ್ ಹೇಳಿದಂತೆ ಮಾಡಿದೆ. ಎರಡೂ ಪೆಟ್ಟು ಒಂದೇ ತೂಕದ್ದು ಅಂತ ಆಣೆ ಮಾಡಿ ಹೇಳಲಾರೆ. ಆದರೂ ನೋವು ತಿಂದವಳು ನಾನೇ, ಮನೆಯೂ ಅದೇ, ನಮ್ಮ ಕಲಬುರಗಿಯ ಬಿಸಿಲೂ ಅದೇ. ಹಾಗಾಗಿ ಹೋಲಿಸಿ ಹೇಳಬಹುದು ಅನ್ನಿಸಿತು.

ಬಲಗಾಲು ಹೊರಳಿದ್ದು ನಮ್ಮ ಹಿತ್ತಲಲ್ಲಿ. ಬಟ್ಟೆ ಒಗೆದ ಸಾಬೂನು ನೀರು ಶಾಬಾದ್ ಪರ್ಸಿಯ ಮೇಲೆ ನಿಂತಿತ್ತು. ನಮ್ಮ ಕಡೆ ಮನೆಗಳಲ್ಲಿ ಈ ಕಲ್ಲು ಕಾಲು ಸವೆಸಿ ಸವೆಸಿ ಕನ್ನಡಿಯಂತಾಗಿರುತ್ತದೆ, ಅಲ್ವಾ? ಅದಕ್ಕೆ ನೀರು ಬಿದ್ದರೆ ನಡೆಯುವುದೇ ಕಷ್ಟ. ಅತ್ತೆ ಕೂಡಲೇ ಉಪ್ಪು ಹುರಿದು ಗಂಟು ಕಟ್ಟಿ ಕಾವು ಕೊಟ್ಟರು. ಸಂಜೆಗೆ ಸುಣ್ಣ ಬೆಲ್ಲ ಕಲಸಿ ಪಟ್ಟು ಹಾಕಿದರು. ಮರುದಿನ ಉಳುಕು ತೆಗೆಯುವ ಮುತ್ಯಾ ಬಂದರು. "ತಂಗಿ, ನರ ಸರದದ. ತಿಕ್ಕಿ ಕೂಡಿಸ್ತೀನಿ, ಹೆದರಬ್ಯಾಡ" ಅಂದರು. ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ಬಾವಿನ ಮೇಲೇ ಒತ್ತಿ ತಿಕ್ಕಿದರು. ನನಗೆ ಕಣ್ಣಲ್ಲಿ ನೀರು ಬಂತು. ಹೀಗೆ ಮೂರು ದಿನ.

ಅವರ ಮನಸ್ಸು ಒಳ್ಳೆಯದು, ಒಂದು ರೂಪಾಯಿಯನ್ನೂ ಬಾಯಿ ಬಿಟ್ಟು ಕೇಳಲಿಲ್ಲ. ಆದರೆ ಮೊದಲ ದಿನಗಳ ಕಾವು ಮತ್ತು ತಿಕ್ಕುವಿಕೆ ನನ್ನ ಬಾವನ್ನು ಹೆಚ್ಚಿಸಿದವು. ಇದು ಈಗ ಅರ್ಥವಾಗುತ್ತದೆ. ಉಳುಕು ಎಂದರೆ ನರ ಸರಿಯುವುದಲ್ಲ. ಎಲುಬಿಗೆ ಎಲುಬನ್ನು ಕಟ್ಟಿ ಹಿಡಿದ ಪಟ್ಟಿಯಂಥ ನಾರು ಇರುತ್ತದೆ, ಲಿಗಮೆಂಟ್ ಅನ್ನುತ್ತಾರೆ. ಅದು ಎಳೆದು ಹರಿದಿರುತ್ತದೆ. ಸಣ್ಣ ರಕ್ತನಾಳಗಳು ಒಡೆದು ಒಳಗೆ ರಕ್ತ ಜಿನುಗುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಬಿಸಿ ಕೊಟ್ಟರೆ, ಒತ್ತಿ ತಿಕ್ಕಿದರೆ ಜಿನುಗುವುದು ಜಾಸ್ತಿಯಾಗುತ್ತದೆ. ಐದನೇ ದಿನ ನನ್ನ ಪಾದ ಬೆರಳಿನ ತನಕ ಕಪ್ಪಾಗಿತ್ತು. ಆಗ ಹೆದರಿ ಎಕ್ಸ್‌ರೇ ಮಾಡಿಸಿದೆವು. ಎಲುಬು ಮುರಿದಿರಲಿಲ್ಲ, ನನ್ನ ಪುಣ್ಯ. ಮುರಿದಿದ್ದ ಎಲುಬನ್ನು ಮೂರು ದಿನ ತಿಕ್ಕಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ಎದೆ ಝಲ್ಲೆನ್ನುತ್ತದೆ.

ಎಡಗಾಲು ಹೊರಳಿದ್ದು ಸೂಪರ್ ಮಾರ್ಕೆಟ್ ಹತ್ತಿರ, ಆಟೋದಿಂದ ಇಳಿಯುವಾಗ. ಈ ಸಲ ನೇರವಾಗಿ ಡಾಕ್ಟರ ಬಳಿ ಹೋದೆ. ಅವರು ಮೊದಲು ಕೇಳಿದ್ದು ಒಂದೇ: "ಬಿದ್ದ ಮೇಲೆ ನಾಲ್ಕು ಹೆಜ್ಜೆ ನಡದ್ರೇನು? ಈಗ ನಡೀರಿ ನೋಡೋಣ." ಕುಂಟುತ್ತಾ ನಡೆದೆ. ಆಮೇಲೆ ಹರಡಿನ ಎರಡೂ ಬದಿಗೆ ಉಬ್ಬಿದ ಎಲುಬಿನ ತುದಿ ಮತ್ತು ಹಿಂಬದಿ ಒತ್ತಿದರು. ಪಾದದ ಒಳಬದಿ ಮತ್ತು ಹೊರಬದಿಯ ನಡುಭಾಗವನ್ನೂ ಒತ್ತಿ ನೋಡಿದರು. ಎಲುಬಿನ ಮೇಲೆ ನೋವಿಲ್ಲ, ಎಕ್ಸ್‌ರೇ ಬೇಡ ಅಂದರು. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಹೊರತಂದ ನಿಯಮ ಇದು. ಮನೆಯಲ್ಲಿ ಕೂತು ನಾವೇ ತೀರ್ಮಾನ ಮಾಡಲಿಕ್ಕಲ್ಲ. ಆದರೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ತಿಕ್ಕಿಸಲು ಹೋಗಬೇಡಿ, ಸೀದಾ ಆಸ್ಪತ್ರೆಗೆ ಹೋಗಿ ಅಂತ ಈಗ ಎಲ್ಲರಿಗೂ ಹೇಳುತ್ತೇನೆ.

ಐಸಿನ ವಿಷಯ. ಅವತ್ತು ಮನೆಯಲ್ಲಿ ಕರೆಂಟ್ ಇರಲಿಲ್ಲ, ಕಬ್ಬಿನ ಹಾಲಿನ ಅಂಗಡಿಯಿಂದ ಐಸ್ ತರಿಸಿದೆ. ಟವೆಲಿನಲ್ಲಿ ಸುತ್ತಿ 15 ನಿಮಿಷ, ಎರಡು ಮೂರು ತಾಸಿಗೊಮ್ಮೆ, ಎರಡು ದಿನ. ನೋವಿಗೆ ಅದರಂಥ ಸುಖ ಇನ್ನೊಂದಿಲ್ಲ. ಆದರೆ ಐಸಿನಿಂದಲೇ ಗಾಯ ಬೇಗ ಕೂಡುತ್ತದೆ ಅಂತ ತಿಳಿಯಬಾರದು. ವಿಶ್ರಾಂತಿ, ಐಸು, ಬಿಗಿಪಟ್ಟಿ, ಕಾಲು ಎತ್ತರದಲ್ಲಿ ಇಡುವುದು ಎಂಬ ನಾಲ್ಕರ ಸೂತ್ರವನ್ನು 1978ರಲ್ಲಿ ಜನಪ್ರಿಯ ಮಾಡಿದವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಐಸು ಮತ್ತು ಪೂರ್ತಿ ವಿಶ್ರಾಂತಿ ಗಾಯ ಮಾಯುವುದನ್ನು ತಡ ಮಾಡಬಹುದು ಅಂತ ಎಷ್ಟೋ ವರ್ಷಗಳ ಮೇಲೆ ಅವರೇ ಹೇಳಿದರು. ನನ್ನ ಲೆಕ್ಕದಲ್ಲಿ ಐಸು ನೋವಿಗೆ, ಅದೂ ಮೊದಲೆರಡು ದಿನಕ್ಕೆ. ಅಷ್ಟೇ.

ಕಟ್ಟುವುದಕ್ಕೆ ಕ್ರೇಪ್ ಬ್ಯಾಂಡೇಜ್ ಮತ್ತು ಆಂಕಲ್ ಬ್ರೇಸ್ ಎರಡನ್ನೂ ನೋಡಿದ್ದೇನೆ. ಬಾವು ಇಳಿಯುವ ತನಕ ಕ್ರೇಪ್ ಒಳ್ಳೆಯದು, ಬೇಕಾದಷ್ಟು ಸಡಿಲ ಮಾಡಬಹುದು. ಆದರೆ ಏಪ್ರಿಲ್ ತಿಂಗಳಲ್ಲಿ ಬಿಸಿಲು 42 ಡಿಗ್ರಿ ಇದ್ದಾಗ ಅದು ಬೆವರಿಗೆ ನೆನೆದು ಮಧ್ಯಾಹ್ನಕ್ಕೇ ಜಾರುತ್ತದೆ, ಚರ್ಮ ತುರಿಸುತ್ತದೆ. ಕಟ್ಟುವಾಗ ಬೆರಳಿನ ಕಡೆಯಿಂದ ಮೇಲಕ್ಕೆ ಸುತ್ತಬೇಕು. ಬೆರಳು ನೀಲಿಯಾದರೆ, ಜುಮ್ಮೆಂದರೆ ತಕ್ಷಣ ಬಿಚ್ಚಬೇಕು. ವಾರದ ಮೇಲೆ ನಾನು ಬ್ರೇಸಿಗೆ ಬದಲಾದೆ. ದುಡ್ಡು ಜಾಸ್ತಿ, ಆದರೆ ಪಾದ ಪಕ್ಕಕ್ಕೆ ಹೊರಳದಂತೆ ಹಿಡಿಯುತ್ತದೆ. ಅದನ್ನು ಹಾಕಿಕೊಂಡೇ ಒಂಬತ್ತನೇ ದಿನ ಶಾಲೆಗೆ ಹೋದೆ. ಬಲಗಾಲಿನ ಸಲ ಮೂರು ವಾರ ರಜೆ ಹಾಕಿದ್ದೆ.

ನೋವಿನ ಗುಳಿಗೆ ನನಗೆ ಹೊಟ್ಟೆ ಉರಿ ತಂದಿತ್ತು. ಎರಡನೇ ಸಲ ಡೈಕ್ಲೋಫೆನಾಕ್ ಜೆಲ್ ಮೆಲ್ಲಗೆ ಸವರಿದೆ, ಸಾಕಾಯಿತು.

ನಿಜವಾದ ವ್ಯತ್ಯಾಸ ಇವುಗಳಲ್ಲಿ ಯಾವುದರಲ್ಲೂ ಇಲ್ಲ. ಅದು ಇರುವುದು ವ್ಯಾಯಾಮದಲ್ಲಿ. ಬಲಗಾಲನ್ನು ದಿಂಬಿನ ಮೇಲಿಟ್ಟು ಸುಮ್ನೆ ಕೂತೆ. ನೋವು ಹೋಯಿತು, ವಾಸಿಯಾಯಿತು ಅಂದುಕೊಂಡೆ. ಮರುವರ್ಷ ಶರಣಬಸವೇಶ್ವರ ಜಾತ್ರೆಯ ಗದ್ದಲದಲ್ಲಿ ಅದೇ ಕಾಲು ಮತ್ತೆ ಹೊರಳಿತು. ಮಳೆಗಾಲದಲ್ಲಿ ಇನ್ನೊಮ್ಮೆ. ಎಡಗಾಲಿಗೆ ಮಾತ್ರ ಫಿಸಿಯೋ ಮೂರನೇ ದಿನವೇ "ಮೇಡಂ, ಎಷ್ಟು ದಿನ ಹಿಂಗೇ ಕುಂದರ್ತೀರಿ?" ಅಂತ ಎಬ್ಬಿಸಿದರು.

ಮೊದಲ ಪಾಠ, ಕೂತಲ್ಲೇ ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯುವುದು. ಇಂಗ್ಲಿಷಿನ ಎ ಬಿ ಸಿ ಬರೆಯಿರಿ ಅಂದರು. ನಾನು ಒಂದನೇ ತರಗತಿಗೆ ಕಲಿಸುವವಳು, ಅ ಆ ಇ ಈ ಬರೆದೆ. ನಮ್ಮ ಅಕ್ಷರಗಳ ಸುತ್ತು, ಕೊಂಬು, ಒತ್ತುಗಳಿಗೆ ಪಾದ ಎಲ್ಲ ದಿಕ್ಕಿಗೂ ತಿರುಗುತ್ತದೆ. ಋ ಮತ್ತು ಝ ಬರೆಯಲು ಮೊದಲ ವಾರ ಆಗಲೇ ಇಲ್ಲ. ಎರಡನೇ ವಾರದಿಂದ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಆಮೇಲೆ ಒಂಟಿ ಕಾಲ ಮೇಲೆ ನಿಲ್ಲುವುದು, ಮೊದಲು ಕಣ್ಣು ತೆರೆದು, ನಂತರ ಕಣ್ಣು ಮುಚ್ಚಿ. ಬೆಳಿಗ್ಗೆ ಹಲ್ಲು ಉಜ್ಜುವಾಗ ಕಣ್ಣು ತೆರೆದು ಅಭ್ಯಾಸ ಮಾಡುತ್ತಿದ್ದೆ. ಕಣ್ಣು ಮುಚ್ಚುವುದಿದ್ದರೆ ಗೋಡೆ ಕೈಗೆಟುಕುವಂತೆ ನಿಲ್ಲುತ್ತಿದ್ದೆ.

ಯಾಕೆ ಅಂತ ಕೇಳಿದ್ದೆ. ಆ ನಾರಿನೊಳಗೆ ಸಣ್ಣ ನರಗಳಿವೆಯಂತೆ. ಪಾದ ಎತ್ತ ವಾಲುತ್ತಿದೆ ಅಂತ ಮಿದುಳಿಗೆ ಸುದ್ದಿ ಕೊಡುವವು ಅವೇ. ನಾರು ಹರಿದಾಗ ಆ ಸುದ್ದಿ ಮಂದವಾಗುತ್ತದೆ. ಮೀನಖಂಡದ ಹೊರಬದಿಯ ಸ್ನಾಯು ಹಿಡಿಯುವಷ್ಟರಲ್ಲಿ ಪಾದ ಹೊರಳಿಬಿಟ್ಟಿರುತ್ತದೆ. ವಿಶ್ರಾಂತಿಯಿಂದ ನೋವು ಹೋಗುತ್ತದೆ, ಈ ಅರಿವು ವಾಪಸ್ ಬರುವುದಿಲ್ಲ. ಅದನ್ನು ಕಲಿಸಬೇಕು. ಬಲಗಾಲಿಗೆ ಇದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆರನೇ ವಾರಕ್ಕೆ ಎಡಗಾಲಿನಲ್ಲಿ ನಮ್ಮೂರಿನ ಅಪ್ಪನ ಕೆರೆಯ ಸುತ್ತ ಬ್ರೇಸ್ ಇಲ್ಲದೆ ನಡೆದೆ.

ಹಾಗಂತ ಎಣ್ಣೆ, ಕಾವು ದಂಡ ಅಂತ ನಾನು ಹೇಳುವುದಿಲ್ಲ. ಮೂರು ವಾರದ ಮೇಲೆ, ಬಾವು ಪೂರ್ತಿ ಇಳಿದಾಗ, ಬೆಚ್ಚಗಿನ ಎಣ್ಣೆ ಸವರಿ ಬಿಸಿನೀರಲ್ಲಿ ಕಾಲು ಇಟ್ಟರೆ ಬಿಗಿತ ಸಡಿಲಾಗುತ್ತಿತ್ತು. ವ್ಯಾಯಾಮಕ್ಕೆ ಮೊದಲು ಮಾಡಿದರೆ ಇನ್ನೂ ಚೆನ್ನ. ಸಕ್ಕರೆ ಕಾಯಿಲೆ ಇದ್ದು ಪಾದ ಜೋಮು ಹಿಡಿದವರು ಮಾತ್ರ ಉಪ್ಪಿನ ಗಂಟು, ಬಿಸಿನೀರು ಎರಡನ್ನೂ ಮುಟ್ಟಬಾರದು. ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ನಮ್ಮ ಅತ್ತೆಗೂ ಸಕ್ಕರೆ ಇದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಈಗ ಎರಡೂ ಕಾಲಿಗೆ ಅದೇ ಅಭ್ಯಾಸ ನಡೆದಿದೆ. ಎಡಗಾಲ ಮೇಲೆ ಕಣ್ಣು ಮುಚ್ಚಿ 30 ಸೆಕೆಂಡ್ ನಿಲ್ಲುತ್ತೇನೆ. ಬಲಗಾಲು 13ಕ್ಕೆ ನಡುಗುತ್ತದೆ. ಹೋದ ತಿಂಗಳು 8ಕ್ಕೇ ನಡುಗುತ್ತಿತ್ತು.