ಬೆಂಗಳೂರಿಗೆ ನಾಯಿ ಕಳಿಸೋ ಮುಂಚೆ ಇದನ್ನು ಓದಿ

ದಾವಣಗೆರೆ, ಚಿತ್ರದುರ್ಗ ಕಡೆಯಿಂದ ನಾಯಿ, ಬೆಕ್ಕು ಬೆಂಗಳೂರಿಗೆ ಸಾಗಿಸಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. "ಪೆಟ್ ಟ್ಯಾಕ್ಸಿ, ಎಸಿ ಕಾರು, ಮನೆಯಿಂದ ಮನೆಗೆ" ಅನ್ನೋ ಮಾತು ನಂಬಿ ದುಡ್ಡು ಹಾಕಬೇಡಿ. ನಮ್ಮ ಬಂಟಿ ಸಾಯುವುದೊಂದು ಬಾಕಿ ಇತ್ತು. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ಬಂಟಿ ಪಗ್. ನಾಯಿಗಳಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಚಪ್ಪಟೆ ಮೂಗಿನ ಪಗ್‌ಗೆ ಅದೂ ಸರಿಯಾಗಿ ಆಗಲ್ಲ. ಏಪ್ರಿಲ್ ಬಿಸಿಲು ಬೇರೆ. ಅದಕ್ಕೇ ಎಸಿ ಕಾರೇ ಬೇಕು ಅಂತ ನಾನು ಹಟ ಹಿಡಿದಿದ್ದು.

ನಮ್ಮ ಯಜಮಾನರಿಗೆ ವರ್ಗ ಆಗಿತ್ತು. ನಾನು, ಅತ್ತೆ, ಮಕ್ಕಳು ರೈಲಿನಲ್ಲಿ ಹೊರಟಿದ್ದೆವು. ಸ್ಟೇಷನ್ನಿನಲ್ಲೂ ವಿಚಾರಿಸಿದ್ದೆ. ಸ್ಲೀಪರ್, ತ್ರೀ ಟಯರ್ ಎಸಿಗೆಲ್ಲ ನಾಯಿ ಬಿಡಲ್ಲ. ಫಸ್ಟ್ ಎಸಿಯಲ್ಲಾದರೆ ಇಡೀ ಕೂಪೆ ನಮಗೇ ಬುಕ್ ಆಗಿರಬೇಕು. ಇಲ್ಲ ಅಂದ್ರೆ ಗಾರ್ಡ್ ಬೋಗಿಯ ಪೆಟ್ಟಿಗೆ. ಅದರಲ್ಲಿ ಒಂಟಿಯಾಗಿ ಹಾಕಲು ಮನಸ್ಸು ಬರಲಿಲ್ಲ.

ಅದಕ್ಕೇ ಪೆಟ್ ಟ್ಯಾಕ್ಸಿಯವರಿಗೆ ಫೋನ್ ಮಾಡಿದೆ. ಅದರ ಓನರ್ ಮಾತು ಕೇಳಬೇಕಿತ್ತು ನೀವು. "ನಮ್ಮ ಮನೇಲೂ ಪಗ್ ಇದೆ ಮೇಡಂ, ನಂಗೆ ಗೊತ್ತು. ಗಾಡೀಲಿ ನಿಮ್ಮ ನಾಯಿ ಒಂದೇ ಇರುತ್ತೆ. ಗಂಟೆಗೊಂದು ಫೋಟೋ ಕಳಿಸ್ತೀವಿ." ಒಟ್ಟು ಎಂಟು ಸಾವಿರ, ಅರ್ಧ ಮುಂಗಡ. ಕೊಟ್ಟೆ. ಪಶು ಆಸ್ಪತ್ರೆಯಲ್ಲಿ ಆರೋಗ್ಯ ಪ್ರಮಾಣಪತ್ರ ಮಾಡಿಸಿ, ರೇಬೀಸ್ ಲಸಿಕೆ ಕಾರ್ಡಿನ ಜೆರಾಕ್ಸ್ ಕೂಡ ಇಟ್ಟಿದ್ದೆ. ಬೆಳಿಗ್ಗೆ ಬಂದ ಹುಡುಗ ಅದನ್ನು ಬಿಚ್ಚಿಯೂ ನೋಡಲಿಲ್ಲ.

ಆ ಹುಡುಗ ಬಂದಿದ್ದೂ ಆಟೋದಲ್ಲಿ. ಎಸಿ ಕಾರು ಎಲ್ಲಪ್ಪಾ ಅಂದೆ. "ಬೈಪಾಸ್ ಹತ್ರ ನಿಂತಿದೆ ಅಕ್ಕಾ, ನಿಮ್ಮ ರೋಡು ಸಣ್ಣದು, ತಿರುಗಿಸೋಕೆ ಆಗಲ್ಲ" ಅಂದ. ಅದೇ ರೋಡಿಗೆ ಹಿಂದಿನ ದಿನ ಲಾರಿ ಬಂದು ನಮ್ಮ ಮನೆ ಸಾಮಾನೆಲ್ಲ ತುಂಬಿಕೊಂಡು ಹೋಗಿತ್ತು! ಓನರ್‌ಗೆ ಫೋನ್ ಮಾಡಿದರೆ, "ನಿಮಗೆ ಟ್ರೈನ್ ಟೈಮ್ ಆಗುತ್ತಲ್ವಾ ಮೇಡಂ, ಟೆನ್ಷನ್ ಮಾಡ್ಕೋಬೇಡಿ" ಅಂದ. ನಮ್ಮ ರೈಲಿನ ಟೈಮು ಅವನಿಗೆ ಗೊತ್ತಿತ್ತು. ಅದನ್ನೇ ಉಪಯೋಗಿಸಿಕೊಂಡ.

ರೈಲಿನಲ್ಲಿ ಕೂತಾಗ ಫೋಟೋ ಬಂತು. ಕಾರಿನ ಹಿಂದಿನ ಸೀಟಿನ ಮೇಲೆ ಪಗ್, ಆರಾಮಾಗಿ ಕೂತಿದೆ. ಮಕ್ಕಳು ಖುಷಿಪಟ್ಟರು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, "ಇದು ನಮ್ಮ ಬಂಟಿ ಅಲ್ಲ ಕಣೇ" ಅಂದರು. ದೃಷ್ಟಿ ಆಗದಿರಲಿ ಅಂತ ಬೆಳಿಗ್ಗೆ ಅವರೇ ಅವನ ಕುತ್ತಿಗೆಗೆ ಕಪ್ಪು ದಾರ ಕಟ್ಟಿದ್ದರು. ಫೋಟೋದಲ್ಲಿ ದಾರ ಇಲ್ಲ, ಕಾಲರ್ ಬೇರೆ ಬಣ್ಣ. ನನ್ನ ಕೈಕಾಲು ತಣ್ಣಗಾದವು. ಫೋನ್ ಮಾಡಿದೆ. "ಸೆಕೆ ಅಂತ ದಾರ ಬಿಚ್ಚಿದ್ವಿ ಮೇಡಂ." ಎಸಿ ಕಾರಿನಲ್ಲಿ ಸೆಕೆ ಹೇಗಾಗುತ್ತೆ? ಕಾಲರ್ ಬಣ್ಣ ಹೇಗೆ ಬದಲಾಗುತ್ತೆ? ಉತ್ತರ ಇಲ್ಲ. ಆಮೇಲೆ ಫೋನೇ ಎತ್ತಲಿಲ್ಲ.

ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ಹೈವೇಯಲ್ಲಿ ಐದು ಗಂಟೆ ಸಾಕು. ಬೆಳಿಗ್ಗೆ ಎಂಟಕ್ಕೆ ಹೊರಟವರು ಬಂದಿದ್ದು ಸಂಜೆ ಐದಕ್ಕೆ. ಬಂದಿದ್ದು ಟಾರ್ಪಾಲು ಹೊದಿಸಿದ ಗೂಡ್ಸ್ ಗಾಡಿ. ಒಳಗೆ ಇನ್ನೂ ನಾಯಿಗಳು, ಕಬ್ಬಿಣದ ಬೋನುಗಳು, ಯಾರದ್ದೋ ಬೀರು. ಬಂಟಿ ಎದ್ದು ನಿಲ್ಲಲೂ ಆಗದಷ್ಟು ಚಿಕ್ಕ ಬೋನಿನಲ್ಲಿ ನಾಲಿಗೆ ಚಾಚಿ ಮಲಗಿದ್ದ. ಡ್ರೈವರ್ ಬೋನು ತೆಗೆಯದೆ ಹೇಳಿದ: "ಬ್ಯಾಲೆನ್ಸ್ ಹಾಕಿಬಿಡಿ ಮೇಡಂ, ಆಮೇಲೆ ಇಳಿಸ್ತೀನಿ." ನಾಯಿ ಕಣ್ಣೆದುರಿಗೆ ಸಾಯ್ತಾ ಇದೆ, ಇವನಿಗೆ ಬ್ಯಾಲೆನ್ಸ್! ಹಾಕಿದೆ. ಬೇರೆ ದಾರಿ ಇರಲಿಲ್ಲ.

ಡಾಕ್ಟರ್ ನೋಡಿದಾಗ ಮೈ ಬಿಸಿ 105 ಡಿಗ್ರಿ ದಾಟಿತ್ತು. ನಾಯಿಗೆ 101, 102 ಇರಬೇಕು. ನೀರು ಹಾಕಿ, ಫ್ಯಾನ್ ಕೆಳಗೆ ಮಲಗಿಸಿ, ಡ್ರಿಪ್ ಕೊಟ್ಟು ಉಳಿಸಿದರು. ಬೊಗಳುತ್ತಿತ್ತು ಅಂತ ಮಾತ್ರೆ ಬೇರೆ ಕೊಟ್ಟಿದ್ದರಂತೆ, ಡ್ರೈವರೇ ಬಾಯಿಬಿಟ್ಟ. ಡಾಕ್ಟರ್ ಕೆಂಡವಾದರು. ಮಂಪರು ಬಂದ ನಾಯಿಗೆ ಸೆಕೆ ತಡೆದುಕೊಳ್ಳುವ ಶಕ್ತಿ ಇನ್ನೂ ಕಡಿಮೆ ಆಗುತ್ತೆ.

ರಾತ್ರಿ ಆ ಓನರ್ ಮೆಸೇಜು: "ನಾಯಿಗೆ ಗಾಳಿ ಬೇಕು ಮೇಡಂ, ಎಸಿಗಿಂತ ಓಪನ್ ಗಾಡೀನೇ ಒಳ್ಳೇದು." ಆಮೇಲೆ, "ನಿಮ್ಮ ನಾಯಿ ಮೊದಲೇ ವೀಕ್ ಇತ್ತು." ಆರೋಗ್ಯ ಪ್ರಮಾಣಪತ್ರದ ಫೋಟೋ ಕಳಿಸಿದೆ. ಪ್ರಾಣಿಗಳನ್ನು ಹೀಗೆ ಹಿಂಸೆಯಾಗುವಂತೆ ಸಾಗಿಸುವುದು 1960ರ ಕಾನೂನಿನಲ್ಲೇ ಅಪರಾಧ ಅಂತಲೂ ಬರೆದೆ. "ಏನ್ ಬೇಕಾದ್ರೂ ಮಾಡ್ಕೊಳ್ಳಿ" ಅಂತ ಬಂತು, ಬ್ಲಾಕ್ ಮಾಡಿದ. ಮಗಳು ಇನ್ನೂ ಕೇಳುತ್ತಾಳೆ, ಅವರು ಯಾಕಮ್ಮಾ ಸುಳ್ಳು ಫೋಟೋ ಕಳಿಸಿದ್ದು ಅಂತ. ಅವಳ ಮುಖ ನೋಡಲು ನನಗೆ ನಾಚಿಕೆಯಾಗುತ್ತೆ.

ಕಳಿಸಲೇಬೇಕು ಅಂದ್ರೆ ಮನೆಯವರೊಬ್ಬರು ಜೊತೆಗೆ ಹೋಗಿ. ಗಾಡಿ ಬಾಗಿಲಿಗೆ ಬಂದು, ಎಸಿ ಹಾಕಿ ತೋರಿಸಿ, ನಂಬರ್ ಪ್ಲೇಟ್ ಫೋಟೋ ತೆಗೆದುಕೊಳ್ಳುವ ತನಕ ಪೈಸೆ ಕೊಡಬೇಡಿ. ಫೋಟೋ ಬೇಡ, ವಿಡಿಯೋ ಕಾಲ್ ಕೇಳಿ. ಬೋನಿನಲ್ಲಿ ನಾಯಿ ಎದ್ದು ನಿಂತು ಸುತ್ತ ತಿರುಗಲು ಜಾಗ ಇರಬೇಕು. ಬೇಸಿಗೆಯಲ್ಲಿ ಹಗಲು ಬೇಡವೇ ಬೇಡ. ಡಾಕ್ಟರ್ ಬರೆದುಕೊಡದ ಮಾತ್ರೆ ಯಾರೂ ಕೊಡಬಾರದು.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಗಾಡಿ ನಂಬರ್, ಮೆಸೇಜು, ಆ ಸುಳ್ಳು ಫೋಟೋ ಎಲ್ಲ ಇಟ್ಟುಕೊಂಡಿದ್ದೇನೆ. ನಿಮಗೂ ಯಾರಾದರೂ "ಕಾರು ಬೈಪಾಸ್ ಹತ್ರ ನಿಂತಿದೆ" ಅಂತ ಹೇಳಿ ನಾಯಿ ತೆಗೆದುಕೊಂಡು ಹೋಗಿದ್ದರೆ, ನಿಮ್ಮ ಹತ್ತಿರ ಇರುವ ಮೆಸೇಜು ಅಳಿಸಬೇಡಿ. ನನಗೆ ತಿಳಿಸಿ, ಗ್ರಾಹಕರ ಆಯೋಗಕ್ಕೆ ಒಟ್ಟಿಗೆ ಹೋಗೋಣ.