ಹುಬ್ಬಳ್ಳಿಯಿಂದ ಲಂಡನ್: ಬೆಂಗಳೂರು, ಮುಂಬೈ, ದುಬೈ, ಯಾವ ಹಾದಿ ಹಿಡೀಬೇಕು?

ಅಕ್ಕಾರ, ಮಗಳ ಬಾಣಂತನಕ್ಕ ಒಬ್ಬಾಕಿನ ಹೊಂಟೀನಿ, ಯಾವ ಕಡಿಂದ ಹೋಗೂದು ಚಲೋ ಅಂತ ಕೇಳೀರಿ.

ದೂರದಾಗ ಫರಕು ಭಾಳ ಇಲ್ರಿ. ಬೆಂಗಳೂರಿಂದ ಲಂಡನ್ ಸುಮಾರು 8,000 ಕಿ.ಮೀ., ಮುಂಬೈಯಿಂದ 7,200, ಬೆಂಗಳೂರಿಂದ ದುಬೈ ಹಾಯ್ದು ಹೋದ್ರೂ 8,200ರ ಆಸುಪಾಸು.

ಟೈಮ್‌ದಾಗ ಖರೇ ಫರಕು ಐತಿ. ನೇರ ವಿಮಾನ ಬೆಂಗಳೂರಿಂದ 10-11 ತಾಸು, ಮುಂಬೈಯಿಂದ ಒಂದು ತಾಸು ಕಮ್ಮಿ, ದುಬೈಗೆ 4 ತಾಸು, ಅಲ್ಲಿಂದ ಮತ್ತ 7ರ ಮ್ಯಾಲೆ, ನಡುವ ಕಾಯೂದು ಬ್ಯಾರೆ. ವಾಪಸ್ ಬರೂಮುಂದ ಗಾಳಿ ಹಿಂದಿಂದ ಬೀಸ್ತೈತಿ, ಹಂಗಾಗಿ ಲಗೂನ ಬರ್ತೀರಿ.

ಆದ್ರ ಹುಬ್ಬಳ್ಳಿಯವ್ರು ಮೊದಲನೇ ತುಕಡಾ ನೋಡ್ಬೇಕು ನೋಡ್ರಿ. ಬೆಂಗಳೂರು ರೋಡ್‌ಮ್ಯಾಲೆ 400 ಕಿ.ಮೀ. ದಾಟ್ತೈತಿ, ಏರ್‌ಪೋರ್ಟ್ ಅಂತೂ ಊರ ಆಚೆ ದೇವನಹಳ್ಳಿ ಕಡೆ. ಮುಂಬೈಗೆ ಗೋಕುಲ ರೋಡ್‌ನ್ಯಾಗಿನ ನಮ್ಮ ಹುಬ್ಬಳ್ಳಿ ಏರ್‌ಪೋರ್ಟ್‌ನಿಂದನ ವಿಮಾನದಾಗ ಸವ್ವಾ ತಾಸು, ಖರೇ ಅಂದ್ರ ಟಿಕೆಟ್ ಬ್ಯಾರೆ ಬ್ಯಾರೆ ತಗೊಂಡ್ರ ಅಲ್ಲಿ ಬ್ಯಾಗ್ ಇಳಿಸ್ಕೊಂಡು, ಟರ್ಮಿನಲ್ ಬದಲಿ ಇದ್ರ ಆಟೋ ಹಿಡಿದು, ಮತ್ತ ಚೆಕ್-ಇನ್ ಮಾಡಿಸ್ಬೇಕು, ಮೊದಲನೇದು ಲೇಟಾಗಿ ಎರಡನೇದು ತಪ್ಪಿದ್ರ ಯಾರೂ ಹೊಣಿ ಅಲ್ಲ. ಒಂದ ಪಿಎನ್ಆರ್, ಅಂದ್ರ ಎರಡೂ ವಿಮಾನಕ್ಕ ಒಂದ ಬುಕಿಂಗ್ ನಂಬರ್, ಸಿಕ್ರ ಮಾತ್ರ ಮುಂಬೈ ಅಂತೀನಿ.

ದುಬೈ ಹಾದಿ ಬಹಳ ಸಲ ಅಗ್ಗ ಬೀಳ್ತೈತಿ, ಕಾಲು ಚಾಚಾಕ ನಡುವ ಪುರುಸೊತ್ತೂ ಸಿಗ್ತೈತಿ. ಮೊಣಕಾಲು ಹಿಡಿಯೋರಿಗೆ ಅದ ಬರೋಬ್ಬರಿ, ವ್ಹೀಲ್‌ಚೇರ್ ಮೊದಲ ಬುಕ್ ಮಾಡ್ರಿ. ಗೇಟ್ ಹುಡುಕೂದು ಅಂದ್ರ ಎದಿ ಡವಡವ ಅನ್ನೋರಿಗೆ ರೊಕ್ಕ ಹೋದ್ರೂ ಬೆಂಗಳೂರಿನ ನೇರ ವಿಮಾನನ ಚಲೋ.