ಟ್ರೇಡ್‌ಮಾರ್ಕ್ ಅರ್ಜಿಯಲ್ಲಿ ಯಾರ ಇಮೇಲ್ ಇದೆ, ಇವತ್ತೇ ನೋಡಿ

ಸಾಗರದ ಹತ್ತಿರದ ಹಳ್ಳಿಯಲ್ಲಿ ನಮ್ಮದು ಅಪ್ಪೆಮಿಡಿ ಉಪ್ಪಿನಕಾಯಿ ಕೆಲಸ. ಅತ್ತೆ, ನಾನು, ಊರಿನ ಇಬ್ಬರು ಹೆಂಗಸರು. ಹೆಸರು ರಿಜಿಸ್ಟರ್ ಮಾಡಿಸೋಣ ಅಂತ ಶಿವಮೊಗ್ಗದ ಒಬ್ಬ ಏಜೆಂಟರ ಹತ್ತಿರ ಹೋದೆವು. ಹದಿನಾಲ್ಕು ಸಾವಿರ ಕೇಳಿದರು, ಕೊಟ್ಟೆವು. ನಾಲ್ಕೇ ದಿನಕ್ಕೆ ವಾಟ್ಸಾಪಿನಲ್ಲಿ ರಸೀದಿ ಬಂತು. "ಅಕ್ಕಾ, ನಂಬರ್ ಸಿಕ್ತು, ಇನ್ನು ಈ ಹೆಸರು ನಿಮ್ಮದೇ" ಅಂದರು. ನಂಬಿ, ರಿಜಿಸ್ಟರ್ ಆಗಿದೆ ಅಂತ ತೋರಿಸುವ, ವೃತ್ತದೊಳಗೆ ಆರ್ ಇರುವ ಗುರುತು ಹಾಕಿಸಿ ಎರಡು ಸಾವಿರ ಲೇಬಲ್ ಪ್ರಿಂಟ್ ಮಾಡಿಸಿದೆವು.

ಅದು ಬರೀ ಅರ್ಜಿ ಸಂಖ್ಯೆ. ಆಮೇಲೆ ಪರಿಶೀಲನೆ ಆಗಬೇಕು, ಸರ್ಕಾರದ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗಬೇಕು, ತಕರಾರು ಹಾಕುವವರಿಗೆ 4 ತಿಂಗಳು ಕಾಲಾವಕಾಶ ಇರುತ್ತದೆ. ಅದೆಲ್ಲ ದಾಟಿ ಸರ್ಟಿಫಿಕೇಟ್ ಕೈಗೆ ಬರುವ ತನಕ ಆರ್ ಹಾಕುವುದು ಕಾನೂನಿಗೆ ವಿರುದ್ಧ. ಟಿಎಂ (ಟ್ರೇಡ್‌ಮಾರ್ಕ್) ಅಂತ ಹಾಕಿಕೊಳ್ಳಬಹುದು, ಅಷ್ಟೇ.

ಈ ವರ್ಷ ಮಿಡಿ ಉಪ್ಪಿಗೆ ಹಾಕಿದ ದಿನ, ಬೆಂಗಳೂರಿಂದ ಬಂದಿದ್ದ ಮೈದುನ ಸುಮ್ಮನೆ ಆ ನಂಬರ್ ಹಾಕಿ ಟ್ರೇಡ್‌ಮಾರ್ಕ್ ಅರ್ಜಿಗಳ ಸ್ಥಿತಿ ತೋರಿಸುವ ಸರ್ಕಾರದ ಐಪಿ ಇಂಡಿಯಾ ಸೈಟಿನಲ್ಲಿ ನೋಡಿದ. ನೋಡಲು ದುಡ್ಡು ಬೇಡ. "ಅತ್ತಿಗೆ, ಇಲ್ಲಿ ಅಬ್ಯಾಂಡನ್ಡ್ ಅಂತಿದೆ" ಅಂದ. ಅಂದರೆ ಅರ್ಜಿಯನ್ನು ಕೈಬಿಟ್ಟಿದ್ದಾರೆ ಅಂತ. ಸೊನೆ ಹತ್ತಿದ ಕೈಯಲ್ಲೇ ಫೋನ್ ಇಸ್ಕೊಂಡು ನೋಡಿದೆ. ನಮ್ಮ ಹೆಸರಿನಲ್ಲಿ "ಮಲೆನಾಡು", "ಮಿಡಿ" ಎರಡೂ ಇದ್ದವು. ಊರಿನ ಹೆಸರು, ಪದಾರ್ಥದ ಹೆಸರು ಒಬ್ಬರ ಸ್ವತ್ತಾಗುವುದಿಲ್ಲ ಅಂತ ಆಕ್ಷೇಪಣೆ ಬಂದಿತ್ತು. 30 ದಿನದೊಳಗೆ ಉತ್ತರ ಕೊಡಬೇಕಿತ್ತು. ಅರ್ಜಿಯಲ್ಲಿ ಇದ್ದದ್ದು ಏಜೆಂಟರ ಇಮೇಲ್, ಏಜೆಂಟರ ಮೊಬೈಲ್. ಪತ್ರ ಅಲ್ಲಿಗೇ ಹೋಯಿತು, ಅಲ್ಲೇ ಉಳಿಯಿತು.

ಫೋನ್ ಮಾಡಿದರೆ "ಬೆಂಗಳೂರು ಆಫೀಸಲ್ಲಿ ವಿಚಾರಿಸ್ತೀನಿ" ಅಂದರು. ಕರ್ನಾಟಕದ ಅರ್ಜಿ ಹೋಗುವುದೇ ಚೆನ್ನೈ ಕಚೇರಿಗೆ. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಆಗ.

ಇನ್ನೊಂದು ಮಾತು. ಒಬ್ಬರೇ ನಡೆಸುವವರಿಗೆ, ಸಣ್ಣ ಉದ್ದಿಮೆಗೆ ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ ಒಂದು ವರ್ಗಕ್ಕೆ, ಅಂದರೆ ಸರಕಿನ ಒಂದು ಗುಂಪಿಗೆ, 4,500 ರೂಪಾಯಿ. ಉಪ್ಪಿನಕಾಯಿ 29ನೇ ವರ್ಗ, ಹಪ್ಪಳ, ಸಾಂಬಾರ ಪುಡಿ 30ನೇ ವರ್ಗ. ಎರಡೂ ಬೇಕಿದ್ದರೆ ಎರಡು ಸಲ ಕಟ್ಟಬೇಕು. ಉಳಿದ ದುಡ್ಡು ಯಾವುದಕ್ಕೆ ಅಂತ ಬರೆಸಿಕೊಳ್ಳಿ, ನಾವು ಕೇಳಲೇ ಇಲ್ಲ.

ಹೊಸ ಅರ್ಜಿಯನ್ನು ಅತ್ತೆಯ ಹೆಸರು ಸೇರಿಸಿದ ಬೇರೆ ಬ್ರ್ಯಾಂಡಿಗೆ ಹಾಕಿದ್ದೇವೆ, ನನ್ನ ಇಮೇಲ್ ಕೊಟ್ಟು. ಮೊದಲ ಅರ್ಜಿಯ ತಾರೀಖಿನ ಲಾಭ ಹೋಯಿತು, ಹಳೆಯ ಹೆಸರೂ ಹೋಯಿತು. ಉಳಿದ ಬಾಟಲಿಗಳ ಲೇಬಲ್ ಬಿಸಿನೀರಲ್ಲಿ ನೆನೆಸಿ, ಉಗುರಲ್ಲಿ ಕೆರೆದು ತೆಗೀತಾ ಇದ್ದೇವೆ. ನಿಮ್ಮ ಹತ್ತಿರವೂ ಬರೀ ನಂಬರ್ ಇದ್ದರೆ, ಊಟಕ್ಕೆ ಕೂರುವ ಮೊದಲು ಒಮ್ಮೆ ಹಾಕಿ ನೋಡಿ.